ಆಟಿಯಲ್ಲೂ ಒಣಗುವ ಸೋಪು: ಶೇವಿಂಗ್ ಸಾಮಾನಿಗೆ ಒಂದು ಬೆಚ್ಚಗಿನ ಗೂಡು

ಶೇವಿಂಗ್ ಸೋಪು ಬಳಸಿದ ಮೇಲೆ ಮುಚ್ಚಳ ಹಾಕಬೇಡಿ, ಗಾಳಿಗೆ ಬಿಡಿ, ತಾನಾಗಿ ಒಣಗುತ್ತದೆ. ಎಲ್ಲಿ ಕೇಳಿದರೂ ಸಿಗುವ ಸಲಹೆ ಇದು. ಧಾರವಾಡದಲ್ಲಿ, ಬೆಂಗಳೂರಿನಲ್ಲಿ ನಡೆಯುತ್ತದೆ. ಮಂಗಳೂರಿನ ಹತ್ತಿರದ ಸುರತ್ಕಲ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ, ಆಟಿಯಲ್ಲಂತೂ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಇಲ್ಲವೇ ಇಲ್ಲ. ಸೋಪು ತನ್ನ ನೀರನ್ನು ಗಾಳಿಗೆ ಕೊಡಬೇಕಾದರೆ ಗಾಳಿಯಲ್ಲಿ ಅದಕ್ಕೆ ಜಾಗ ಇರಬೇಕು ಅಲ್ವಾ? ಮಳೆಗಾಲದಲ್ಲಿ ನಮ್ಮ ಗಾಳಿ ಹೌಸ್‌ಫುಲ್.

ನಮ್ಮ ಮನೆ ಹೆದ್ದಾರಿಯಿಂದ ಪಡುಬದಿಗೆ, ರಾತ್ರಿ ಸಮುದ್ರದ ಸದ್ದು ಕೇಳುವಷ್ಟು ದೂರದಲ್ಲಿದೆ. ಮಂಗಳೂರಿನಲ್ಲಿ ಜುಲೈ ತಿಂಗಳೊಂದರಲ್ಲೇ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆಗ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ಬೈಂಡಿಗೂ ಬೂಷ್ಟು. ಬಾತ್‌ರೂಮಿನ ಶೆಲ್ಫಿನಲ್ಲಿಟ್ಟ ಶೇವಿಂಗ್ ಸೋಪು ಮರುದಿನ ಬೆಳಿಗ್ಗೆಯೂ ಬೆರಳಿಗೆ ಅಂಟುತ್ತದೆ. ತಿರುಗಿಸಿ ನೋಡಿದರೆ ಅಡಿಭಾಗ ಪೂರ್ತಿ ಲೋಳೆ. ಬ್ರಷ್ಷಿಟ್ಟು ಎರಡು ಸುತ್ತು ತಿರುಗಿಸಿದರೆ ಬೇಕಾದ್ದಕ್ಕಿಂತ ದುಪ್ಪಟ್ಟು ಸೋಪು ಎದ್ದು ಬರುತ್ತದೆ. ತಿಂಗಳುಗಟ್ಟಲೆ ಬಾಳಬೇಕಾದ ಬಿಲ್ಲೆ ಮಳೆ ಮುಗಿಯುವ ಮೊದಲೇ ತಾನು ಮುಗಿಯುತ್ತದೆ.

ಇದಕ್ಕಾಗಿ ಒಂದು ಸಣ್ಣ ಗೂಡು ಮಾಡಿದ್ದೇನೆ. ಸಾಮಾನು ಇಷ್ಟೇ: ಹಳೆ ಹಲಸಿನ ಹಲಗೆ, ಒಡೆದ ಹಂಚು, ಬೈಕಿನ ಇಂಡಿಕೇಟರ್ ಬಲ್ಬು, ಒಂದು ತೆಂಗಿನ ಗೆರಟೆ (ಕರಟ). ಮಾಡಿದ ಕ್ರಮ, ನಡುವೆ ಬಂದ ತೊಂದರೆ, ಸಿಕ್ಕಿದ ಅಳತೆ ಎಲ್ಲ ಬರೆದಿಡುತ್ತಿದ್ದೇನೆ. ಕರಾವಳಿಯಲ್ಲಿ ಬ್ರಷ್ಷು ಸೋಪಿನ ಚಟ ಇರುವವರಿಗೆ ಉಪಯೋಗಕ್ಕೆ ಬಂದೀತು.

ಇದು ಮೈಸೋಪಿನ ಹಾಗೆ ಯಾಕೆ ಗಟ್ಟಿ ನಿಲ್ಲುವುದಿಲ್ಲ

ಮೈಸೋಪು ಮಾಡಲಿಕ್ಕೆ ಬಳಸುವುದು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಒಳ್ಳೆಯ ಶೇವಿಂಗ್ ಸೋಪಿಗೆ ಅದರ ಜೊತೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕೂಡ ಹಾಕುತ್ತಾರೆ, ಕೆಲವರು ಅದನ್ನೇ ಜಾಸ್ತಿ ಹಾಕುತ್ತಾರೆ. ಪೊಟ್ಯಾಸಿಯಂ ಸೋಪು ಮೆದು, ನೀರಿನಲ್ಲಿ ಬೇಗ ಕರಗುತ್ತದೆ. ಅದಕ್ಕೇ ಬ್ರಷ್ಷಿಗೆ ಅಷ್ಟು ಸಲೀಸಾಗಿ ಹತ್ತುತ್ತದೆ. ನೊರೆ ದಪ್ಪಗೆ ನಿಲ್ಲಲಿಕ್ಕೆ ಸ್ಟಿಯರಿಕ್ ಆಮ್ಲ ಇರುತ್ತದೆ. ಬ್ಲೇಡು ಜಾರಲಿಕ್ಕೆ, ಚರ್ಮ ಒಣಗದೆ ಇರಲಿಕ್ಕೆ ಗ್ಲಿಸರಿನ್. ಈ ಗ್ಲಿಸರಿನ್ ಗಾಳಿಯಲ್ಲಿರುವ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮುಟ್ಟದೆ ಇಟ್ಟ ಗ್ಲಿಸರಿನ್ ಸೋಪಿನ ಮೇಲೂ ಬೆವರಿನ ಹನಿ ಕಾಣುವುದು ಇದೇ ಕಾರಣಕ್ಕೆ. ಅಂದರೆ ಯಾವ ಗುಣಕ್ಕೆ ನಾವು ದುಡ್ಡು ಕೊಡುತ್ತೇವೋ ಅದೇ ಗುಣ ಅದನ್ನು ಕರಗಿಸುತ್ತದೆ. ಸೋಪನ್ನು ಬೈದು ಪ್ರಯೋಜನವಿಲ್ಲ.

ಬೂಷ್ಟಿನ ಬಗ್ಗೆ ಹೆದರಿಕೆ ಸ್ವಲ್ಪ ಹೆಚ್ಚೇ ಇದೆ. ಸೋಪು ಕ್ಷಾರ, ಪಿಎಚ್ 9ರಿಂದ 10ರ ಆಸುಪಾಸು. ಅದರ ಮೈಮೇಲೆ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಹಿಡಿಯುವುದು ಮರದ ಬಟ್ಟಲಿಗೆ, ಮುಚ್ಚಳದ ಒಳಮೈಗೆ, ಬ್ರಷ್ಷಿನ ಹಿಡಿಗೆ, ಕೂದಲು ಸೇರಿ ಒಣಗಿದ ಹಳೆ ನೊರೆಗೆ. ಇನ್ನೊಂದು, ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಬಂದರೆ ಅದು ಬೂಷ್ಟೂ ಅಲ್ಲ, ತುಕ್ಕೂ ಅಲ್ಲ. ಸೋಪಿನಲ್ಲಿ ಉಳಿದ ಎಣ್ಣೆ ಗಾಳಿ ತಾಗಿ ಹಳಸಿದ್ದು. ಮೂಸಿದರೆ ಹಳೆ ಎಣ್ಣೆಯ ವಾಸನೆ ಗೊತ್ತಾಗುತ್ತದೆ. ಕಬ್ಬಿಣ, ತಾಮ್ರ ತಾಗಿದರೆ ಈ ಕೆಲಸ ಬೇಗ ಆಗುತ್ತದೆ. ಹಾಗಾಗಿ ಅಜ್ಜನ ಕಾಲದ ಹಿತ್ತಾಳೆ ಬಟ್ಟಲು ಎಷ್ಟೇ ಚಂದ ಇದ್ದರೂ ಸೋಪಿಗೆ ಬೇಡ. ಗಾಜು, ಪಿಂಗಾಣಿ, ಒಳ್ಳೆ ಸ್ಟೀಲು, ಗೆರಟೆ, ಇವು ಆಗುತ್ತವೆ.

ಡಬ್ಬಿಯಲ್ಲೇ ಮೆತ್ತಗೆ ಬರುವ ಸೋಪುಗಳಿಗೆ ಈ ಬರಹ ಹೊಂದುವುದಿಲ್ಲ. ಅವು ಇರುವುದೇ ಹಾಗೆ. ನಾನು ಹೇಳುತ್ತಿರುವುದು ಗಟ್ಟಿ ಬಿಲ್ಲೆಯ ವಿಷಯ.

75 ಎಂಬ ಗೆರೆ

ಕೆಲಸ ಶುರು ಮಾಡುವ ಮೊದಲು ಗಾಳಿಯ ತೇವ, ಅಂದರೆ ಅದು ಹಿಡಿಯಬಲ್ಲ ನೀರಿನಲ್ಲಿ ಶೇಕಡಾ ಎಷ್ಟು ಈಗಾಗಲೇ ತುಂಬಿದೆ ಅನ್ನುವುದನ್ನು, ಅಳೆಯಲಿಕ್ಕೆ ಒಂದು ಡಿಜಿಟಲ್ ಹೈಗ್ರೋಮೀಟರ್ ತಂದೆ. ಬೆಂಕಿಪೊಟ್ಟಣದಷ್ಟು ದೊಡ್ಡದು, ಅಗ್ಗದ್ದು. ಅಗ್ಗದ ಮೀಟರುಗಳು ಐದು ಅಂಕ ಆಚೀಚೆ ತೋರಿಸುವುದು ಮಾಮೂಲು. ಅದನ್ನು ಪರೀಕ್ಷೆ ಮಾಡಲಿಕ್ಕೆ ಅಡುಗೆಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತರಬೇಕು. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಟ್ಟಿಗೆ ಇಟ್ಟು ರಾತ್ರಿ ಬಿಡಬೇಕು. ಡಬ್ಬಿಯೊಳಗಿನ ತೇವ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕೋಣೆಯ ಬಿಸಿಯಲ್ಲಿ ಹೆಚ್ಚುಕಮ್ಮಿ ಅಷ್ಟೇ, ಬದಲಾಗುವುದಿಲ್ಲ. ನನ್ನ ಮೀಟರ್ 79 ತೋರಿಸಿತು. ಹಿಂದೆ ನಾಲ್ಕು ಕಳೆಯಬೇಕು ಅಂತ ಪೆನ್ನಿನಲ್ಲಿ ಬರೆದು ಅಂಟಿಸಿದೆ.

ಈ 75 ಬರೀ ಪರೀಕ್ಷೆಯ ಅಂಕಿ ಅಲ್ಲ, ಕರಾವಳಿಯ ಮನೆಗಳ ಅರ್ಧ ತಾಪತ್ರಯ ಇದರಲ್ಲೇ ಇದೆ. ಗಾಳಿಯ ತೇವ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗಲಿಕ್ಕೆ ಶುರು ಮಾಡುತ್ತದೆ. ಜೂನ್ ಬಂದ ಕೂಡಲೇ ಅಡುಗೆಮನೆಯ ಉಪ್ಪಿನ ಭರಣಿ ಬೆವರುವುದು ಅದಕ್ಕೇ. ಆದರೆ ಉಪ್ಪು ಭರಣಿಯಲ್ಲಿ ಮಾತ್ರ ಇಲ್ಲ. ಸಮುದ್ರದ ಕಡೆಯಿಂದ ಬೀಸುವ ಗಾಳಿ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪನ್ನು ತಂದು ಎಲ್ಲದರ ಮೇಲೂ ಕೂರಿಸುತ್ತದೆ. ನಲ್ಲಿ, ರೇಜರ್, ಗ್ರಿಲ್ಲು, ಯಾವುದನ್ನೂ ಬಿಡುವುದಿಲ್ಲ. 75ರ ಕೆಳಗೆ ಅದು ಬಹುಪಾಲು ಸುಮ್ನೆ ಪುಡಿಯಾಗಿ ಬಿದ್ದಿರುತ್ತದೆ. ಮೇಲೆ ಹೋದರೆ ತೆಳ್ಳಗಿನ ಉಪ್ಪುನೀರಿನ ಪದರ. ತುಕ್ಕು ಹಿಡಿಯಲಿಕ್ಕೆ ಇಷ್ಟು ಧಾರಾಳ. ಚರ್ಮ, ಮರಗಳ ಮೇಲೆ ಬೂಷ್ಟು ಏಳುವುದೂ ಸುಮಾರಿಗೆ ಇದೇ ಗೆರೆಯಿಂದ ಮೇಲೆ.

ಆಟಿಯಲ್ಲಿ ನಮ್ಮ ಬಾತ್‌ರೂಮಿನಲ್ಲಿ ಸ್ನಾನ ಆದ ಮೇಲೆ 95ಕ್ಕಿಂತ ಜಾಸ್ತಿ. ಎಕ್ಸಾಸ್ಟ್ ಫ್ಯಾನ್ ಹಾಕಿ ಗಂಟೆಗಟ್ಟಲೆ ಬಿಟ್ಟರೂ 90ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಾಲ್‌ನಲ್ಲಿ 88. ಗುರಿ ಸ್ಪಷ್ಟವಾಯಿತು: ಸೋಪು ಇರುವ ಜಾಗ 70ರ ಕೆಳಗೆ ಬರಬೇಕು.

ಬೇಡ ಅಂತ ಬಿಟ್ಟ ದಾರಿಗಳು

ಸಿಲಿಕಾ ಜೆಲ್ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸೋಪು, ಪಕ್ಕದಲ್ಲಿ ಜೆಲ್. ಕ್ಯಾಮೆರಾಗೆ ಇದು ಸರಿ, ಯಾಕೆಂದರೆ ಕ್ಯಾಮೆರಾ ಒದ್ದೆಯಾಗಿ ಒಳಗೆ ಹೋಗುವುದಿಲ್ಲ. ಸೋಪು ದಿನಾ ಒದ್ದೆಯಾಗಿಯೇ ಹೋಗುತ್ತದೆ. ಜೆಲ್ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹಿಡಿದರೆ ಹೆಚ್ಚು. ನೂರು ಗ್ರಾಂ ಜೆಲ್ ಒಂದೇ ವಾರದಲ್ಲಿ ಹೊಟ್ಟೆ ತುಂಬಿಸಿಕೊಂಡು ಕೂರುತ್ತದೆ. ಮತ್ತೆ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಕಾಯಿಸಬೇಕು. ಇದು ದಿನನಿತ್ಯದ ಕೆಲಸ ಅಲ್ಲ ಮಾರಾಯ್ರೆ. ಅದರಲ್ಲೂ ಬಣ್ಣ ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷದ ವಸ್ತು. ಮುಖಕ್ಕೆ ಹಚ್ಚುವ ಸಾಮಾನಿನ ಪಕ್ಕ ಅದು ಬೇಡವೇ ಬೇಡ.

ಕಪಾಟಿನಲ್ಲಿ ನೇತು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ನೀರನ್ನೇನೋ ಚೆನ್ನಾಗಿ ಎಳೆಯುತ್ತದೆ. ಆಮೇಲೆ ತಾನೇ ನೀರಾಗುತ್ತದೆ. ಆ ನೀರು ರೇಜರ್ ಮೇಲೆ ಸೋರಿದರೆ ಕಥೆ ಮುಗಿಯಿತು. ಅಕ್ಕಿಯ ಮಾತು ಬಿಡಿ, ನಮ್ಮ ಅಕ್ಕಿಯೇ ಮಳೆಗಾಲದಲ್ಲಿ ಒದ್ದೆ. ಸಣ್ಣ ಫ್ಯಾನ್? ಫ್ಯಾನ್ ತರುವುದೂ ಅದೇ ಗಾಳಿಯನ್ನೇ. ಮೇಲಿನ ನೀರಿನ ಹನಿ ಬೇಗ ಹೋಗುತ್ತದೆ, ಅಷ್ಟೇ. ಕೋಣೆಯ ತೇವಕ್ಕಿಂತ ಕೆಳಗೆ ಫ್ಯಾನ್ ಯಾವತ್ತೂ ಇಳಿಸುವುದಿಲ್ಲ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ನಮ್ಮ ಹಳೆ ಮನೆಯ ಬಚ್ಚಲಿನಲ್ಲಿ ಕಟ್ಟಿಗೆ ಒಲೆ, ಅದರ ಮೇಲೆ ಹಂಡೆ. ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಗೂಡು. ಅಜ್ಜನ ರೇಜರ್, ಬ್ರಷ್ಷು, ಶೇವ್ ಆದ ಮೇಲೆ ಉಜ್ಜುವ ಸ್ಫಟಿಕದ (ಆಲಂ) ತುಂಡು, ಸೋಪು ಎಲ್ಲ ಅದರಲ್ಲೇ ಇರುತ್ತಿತ್ತು. ಬೆಳಿಗ್ಗೆ ಬೆಂಕಿ ಹಾಕಿದರೆ ಆ ಮುರಕಲ್ಲಿನ ಗೋಡೆ ರಾತ್ರಿವರೆಗೆ ಬೆಚ್ಚಗೆ. ಬಚ್ಚಲು ಎಷ್ಟೇ ಒದ್ದೆ ಇದ್ದರೂ ಗೂಡು ಒಣ. ಈಗ ಗೀಸರ್ ಬಂದಿದೆ, ಗೋಡೆಗೆ ಟೈಲ್ಸ್ ಬಂದಿದೆ, ಬೆಚ್ಚಗಿನ ಮೂಲೆ ಅಂತ ಮನೆಯಲ್ಲಿ ಒಂದೂ ಉಳಿದಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. 27 ಡಿಗ್ರಿಯ ಗಾಳಿಯಲ್ಲಿ ತೇವ ಶೇಕಡಾ 90 ಇದೆ ಅಂದುಕೊಳ್ಳಿ. ಅದರಿಂದ ಒಂದು ಹನಿ ನೀರನ್ನೂ ತೆಗೆಯದೆ 32 ಡಿಗ್ರಿಗೆ ಬಿಸಿ ಮಾಡಿದರೆ ತೇವ 68ರ ಹತ್ತಿರ ಇಳಿಯುತ್ತದೆ. ಬಿಸಿ ಗಾಳಿಗೆ ನೀರು ಹಿಡಿಯುವ ಶಕ್ತಿ ಜಾಸ್ತಿ, ಅದಕ್ಕೆ. ಬರೀ ಐದು ಡಿಗ್ರಿ! ನೀರು ಎಳೆಯುವ ಪುಡಿ ಯಾವುದೂ ಬೇಡ. ಹಳೆಯ ಗೂಡನ್ನೇ ಬಲ್ಬು ಹಾಕಿ ಮತ್ತೆ ಕಟ್ಟಿದರಾಯಿತು.

ಗೂಡು

ಜಾಗ ಬಾತ್‌ರೂಮಿನ ಒಳಗಲ್ಲ. ಹೊರಗೆ ವಾಶ್‌ಬೇಸಿನ್ ಪಕ್ಕದ ಗೋಡೆ, ನೀರು ಹಾರದಷ್ಟು ಎತ್ತರ. ಕರೆಂಟಿನ ವಿಷಯದಲ್ಲಿ ಇದಕ್ಕೆ ರಾಜಿ ಇಲ್ಲ. 230 ವೋಲ್ಟಿನ ಜೀರೋ ಬಲ್ಬು ಹಾಕಿದರೂ ಗೂಡು ಬೆಚ್ಚಗಾಗುತ್ತದೆ, ಬೀರುವಿನಲ್ಲಿ ಹಾಗೆ ಮಾಡುವವರೂ ಇದ್ದಾರೆ. ಒದ್ದೆ ಕೈಯಲ್ಲಿ ದಿನಾ ಬಾಗಿಲು ತೆರೆಯುವ ಪೆಟ್ಟಿಗೆಗೆ ನಾನು ಅದನ್ನು ಹಾಕುವುದಿಲ್ಲ. 12 ವೋಲ್ಟೇ ಸಾಕು.

ಹಲಗೆ ಹಳೆ ಮನೆಯ ಕಪಾಟಿನದ್ದು, 18 ಮಿಲಿಮೀಟರ್ ದಪ್ಪದ ಹಲಸು. ಒಳಗಿನ ಅಳತೆ: ಎತ್ತರ 30 ಸೆಂಟಿಮೀಟರ್, ಅಗಲ 22, ಆಳ 18. ಎತ್ತರ ಜಾಸ್ತಿ ಇಟ್ಟದ್ದು ಬಿಸಿ ಗಾಳಿ ಮೇಲೆ ಏರಲಿ ಅಂತ. ಹಲಗೆ ಕುಯ್ಯಲಿಕ್ಕೆ ನಮ್ಮ ಆಚಾರಿಯವರಲ್ಲಿಗೆ ಹೋದೆ. ಅಳತೆ ಚೀಟಿ ನೋಡಿ, ಎಂತಕ್ಕೆ ಅಂತ ಕೇಳಿದರು. ಹೇಳಿದೆ.

“ಸೋಪಿಗೆ ಮನೆ ಕಟ್ಟುದಾ ಮಾರಾಯ್ರೆ?”

“ಹೌದು ಆಚಾರ್ರೆ. ಲೈಟು ಸಮೇತ.”

“ಹಾಗಾದ್ರೆ ಮನೆ ಒಕ್ಕಲಿಗೆ ಹೇಳಿ, ಬರ್ತೇನೆ.”

ತಮಾಷೆ ಮಾಡಿದರೂ ಕೆಲಸದ ಮಾತು ಒಂದು ಹೇಳಿದರು. ಹಲಸು ಒದ್ದೆಯಾದರೆ ಹಳದಿ ಬಿಡುತ್ತದೆ. ನಿಜ, ಹಲಸಿನ ತಿರುಳಿನಿಂದ ಬಟ್ಟೆಗೆ ಹಳದಿ ಬಣ್ಣ ಹಾಕುವ ಪದ್ಧತಿಯೇ ಇತ್ತು. ಬಿಳಿ ಸೋಪನ್ನು ಅದರ ಮೇಲೆ ಇಟ್ಟರೆ ಅಡಿ ಹಳದಿಯಾಗುವುದು ಖಂಡಿತ. ಅರಗಿನ ಪಾಲಿಶ್ ಕೊಡೋಣವೇ ಅಂದರೆ ಅದೂ ಆಗುವುದಿಲ್ಲ. ಅರಗು ಕ್ಷಾರಕ್ಕೆ ಕರಗುತ್ತದೆ, ಸೋಪಿನ ನೀರು ಬಿದ್ದ ಕಡೆಯೆಲ್ಲ ಅಂಟಂಟು. ಹಾಗಾಗಿ ಒಳಗೂ ಹೊರಗೂ ಪಿಯು (ಪಾಲಿಯುರೆಥೇನ್) ವಾರ್ನಿಶ್ ಎರಡು ಕೈ ಹೊಡೆದು, ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದೇ ಇಟ್ಟೆ. ಸ್ಕ್ರೂ, ಬಿಜಾಗ್ರಿ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ. ಕಬ್ಬಿಣದ ಸ್ಕ್ರೂಗಿಂತ ಬೆಲೆ ಜಾಸ್ತಿ, ಆದರೆ ಸಮುದ್ರದ ಪಕ್ಕ ಕಬ್ಬಿಣ ಹಾಕುವುದು ಮುಂದಿನ ವರ್ಷಕ್ಕೆ ಕೆಲಸ ಇಟ್ಟುಕೊಂಡ ಹಾಗೆ.

ಕೆಳಗೆ ಗಾಳಿ ಒಳಬರಲಿಕ್ಕೆ 10 ಮಿಲಿಮೀಟರಿನ ನಾಲ್ಕು ತೂತು, ಮೇಲೆ ಹಿಂಬದಿಯಲ್ಲಿ ಹೊರಹೋಗಲಿಕ್ಕೆ ಎರಡು. ಮೇಲಿನದ್ದು ಕಡಿಮೆ ಇರಲಿ. ಜಾಸ್ತಿ ತೆರೆದರೆ ಬಿಸಿಯೆಲ್ಲ ಹೊರಗೆ, ಪೂರ್ತಿ ಮುಚ್ಚಿದರೆ ಸೋಪು ಬಿಟ್ಟ ನೀರು ಒಳಗೇ ಸುತ್ತುತ್ತದೆ. ತೂತುಗಳಿಗೆ ಸ್ಟೀಲಿನ ಸೊಳ್ಳೆಬಲೆ ಅಂಟಿಸಲೇಬೇಕು. ಮಳೆಗಾಲದಲ್ಲಿ ಒಣಗಿದ ಬೆಚ್ಚಗಿನ ಜಾಗ ಹುಡುಕುತ್ತಿರುವುದು ನಾವು ಮಾತ್ರ ಅಲ್ಲ. ಹಲ್ಲಿ, ಇರುವೆ, ಚೇರಟೆ ಎಲ್ಲ ಕಾಯುತ್ತಿರುತ್ತವೆ. ಜಿರಳೆಯಂತೂ ಸೋಪನ್ನೇ ತಿನ್ನುತ್ತದೆ.

ಹಂಚು, ಬಲ್ಬು, ಅಡಾಪ್ಟರ್

ಬಲ್ಬು ತಳದಲ್ಲಿ. ಬೈಕಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 10 ವಾಟಿನದ್ದು. ಹೋಲ್ಡರ್ ಹಳೆ ಇಂಡಿಕೇಟರಿನಿಂದಲೇ ಬಿಚ್ಚಿದ್ದು. ಎಲ್‌ಇಡಿ ಹಾಕಬೇಡಿ, ಅದರಲ್ಲಿ ಬೆಳಕು ಹೆಚ್ಚು, ಬಿಸಿ ಸಾಲದು. ನಮಗೆ ಬೇಕಾದದ್ದು ಹಳೆ ಕಾಲದ, ಒಳಗೆ ತಂತಿ ಉರಿಯುವ ದಂಡದ ಬಲ್ಬೇ. ಎಲೆಕ್ಟ್ರಾನಿಕ್ಸ್ ಗೊತ್ತಿದ್ದವರು 15 ಓಮಿನ ದೊಡ್ಡ ಸಿಮೆಂಟ್ ರೆಸಿಸ್ಟರ್ ಹಾಕಬಹುದು, ಅದೂ ಹತ್ತು ವಾಟಿನ ಹತ್ತಿರವೇ ಬಿಸಿ ಕೊಡುತ್ತದೆ, ಸುಟ್ಟುಹೋಗುವ ತಂತಿ ಅದರಲ್ಲಿಲ್ಲ. ಬಲ್ಬಿನಲ್ಲಿ ನನಗೆ ಇಷ್ಟವಾದದ್ದು ಬಾಗಿಲಿನ ಸಂದಿಯಲ್ಲಿ ಬೆಳಕು ಕಂಡರೆ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು. ಸುತ್ತ ಎಲ್ಲ ಕಡೆ ಐದು ಸೆಂಟಿಮೀಟರ್ ಜಾಗ ಬಿಟ್ಟಿದ್ದೇನೆ, ಹತ್ತಿರದ ಹಲಗೆಗೆ ತೆಳ್ಳಗಿನ ಅಲ್ಯೂಮಿನಿಯಂ ತಗಡು ಹೊಡೆದಿದ್ದೇನೆ. ಗಾಜು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ತಂತಿಯಲ್ಲಿ ಎರಡು ಆಂಪಿಯರಿನ ಫ್ಯೂಸ್ ಒಂದು ಇದೆ.

ತೊಂದರೆ ಬಂದದ್ದು ಅಡಾಪ್ಟರಿನಲ್ಲಿ. ಹಳೆ ವೈಫೈ ರೂಟರಿನ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಇತ್ತು. ಲೆಕ್ಕಕ್ಕೆ ಸಾಕು. 10 ವಾಟಿಗೆ ಬೇಕಾದದ್ದು 0.83 ಆಂಪಿಯರ್. ಹಾಕಿದರೆ ಬಲ್ಬು ಮಿಣಕ್ ಅಂದು ಆರುತ್ತದೆ, ಮತ್ತೆ ಮಿಣಕ್. ಇಂಡಿಕೇಟರ್ ತನ್ನ ಹಳೆ ಕೆಲಸ ಮರೆತಿಲ್ಲವೋ ಅಂತ ಅನಿಸಿತು. ಕಾರಣ ಏನೆಂದರೆ ತಣ್ಣಗಿರುವ ಬಲ್ಬಿನ ತಂತಿಗೆ ತಡೆ ತೀರಾ ಕಡಿಮೆ, ಉರಿಯುವಾಗಿನ ಹತ್ತನೇ ಒಂದರಷ್ಟು. ಸ್ವಿಚ್ ಹಾಕಿದ ಕ್ಷಣ ಅದು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅಡಾಪ್ಟರ್ ಹೆದರಿ ಬಾಗಿಲು ಹಾಕುತ್ತದೆ, ಮತ್ತೆ ತೆರೆಯುತ್ತದೆ. ಹಳೆ ಸಿಸಿಟಿವಿ ಕ್ಯಾಮೆರಾದ 2 ಆಂಪಿಯರಿನ ಅಡಾಪ್ಟರ್ ಹಾಕಿದ ಮೇಲೆ ಸರಿಯಾಯಿತು. ಬೈಕಿನಲ್ಲಿ ಗಾಡಿ ಓಡುವಾಗ 14 ವೋಲ್ಟಿನ ಹತ್ತಿರ ಸಿಗುತ್ತದೆ. ಇಲ್ಲಿ 12. ಹಾಗಾಗಿ ಬಲ್ಬು ಇಲ್ಲಿ ಆರಾಮವಾಗಿ ಉರಿಯುತ್ತದೆ.

ಬಲ್ಬಿನ ಮೇಲೆ ಹಂಚಿನ ತುಂಡು. ಇದು ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಮೆಚ್ಚಿಗೆಯಾದ ಭಾಗ. ಸೌದೆ ಕೊಟ್ಟಿಗೆಯ ಮಾಡಿನಿಂದ ಇಳಿಸಿದ, ಮೂಲೆ ಒಡೆದ ಮಂಗಳೂರು ಹಂಚು. 1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಉದ್ಯಮದ ಸಂತಾನ. ನದಿ ದಂಡೆಯ ಜೇಡಿಮಣ್ಣು, ಮೈಗೆ ಹೊಳಪಿನ ಲೇಪ ಇಲ್ಲ, ಹಾಗಾಗಿ ನೀರು ಕುಡಿಯುತ್ತದೆ. ಮೊದಲು ಪಾಚಿಯೆಲ್ಲ ತಂತಿ ಬ್ರಷ್ಷಿನಲ್ಲಿ ತಿಕ್ಕಿ ತೆಗೆದು, ನೀರಿನಲ್ಲಿ ನೆನೆಸಿ, ಆಮೇಲೆ ಕಟಿಂಗ್ ಮಷೀನಿನಲ್ಲಿ ಕುಯ್ದೆ. ನೆನೆಸದೆ ಕುಯ್ದರೆ ಅಂಗಳ ಪೂರ್ತಿ ಕೆಂಪು ಧೂಳು. 15ಕ್ಕೆ 12 ಸೆಂಟಿಮೀಟರಿನ ಚಪ್ಪಟೆ ತುಂಡು ಸಿಕ್ಕಿತು. ಒಣಗಿದಾಗ 450 ಗ್ರಾಂ. ರಾತ್ರಿಯಿಡೀ ಮುಳುಗಿಸಿಟ್ಟು ಒರೆಸಿ ತೂಗಿದರೆ 510. ಅಂದರೆ 60 ಗ್ರಾಂ ನೀರು ಹೊಟ್ಟೆಯೊಳಗೆ.

ಹಂಚಿಗೆ ಇಲ್ಲಿ ಎರಡು ಕೆಲಸ. ಮೇಲಿನಿಂದ ತೊಟ್ಟಿಕ್ಕುವ ಸೋಪುನೀರು ಬಿಸಿ ಬಲ್ಬಿನ ಮೇಲೆ ಬಿದ್ದು ಗಾಜು ಸಿಡಿಯದ ಹಾಗೆ ತಡೆಯುತ್ತದೆ, ಆ ನೀರನ್ನು ತಾನೇ ಕುಡಿದು ಬಲ್ಬಿನ ಬಿಸಿಗೆ ಬಿಟ್ಟುಬಿಡುತ್ತದೆ. ಬಿಸಿಯೂ ಒಂದೇ ಕಡೆ ಏಳದೆ ಹರಡುತ್ತದೆ. ಕರೆಂಟು ಹೋದರೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಮಳೆಗಾಲದ ನಮ್ಮ ಕರೆಂಟಿಗೆ ಇದೂ ಬೇಕು. ಹಂಚಿನ ಮೇಲೆ ಮೂರು ಸೆಂಟಿಮೀಟರ್ ಬಿಟ್ಟು ಮೊದಲ ತಟ್ಟು, ಅದು ಸ್ಟೀಲ್ ಜಾಲರಿ. ಸೋಪಿಗೆ. ಮೇಲಿನ ತಟ್ಟು ಸಪೂರ ರೀಪಿನದ್ದು, ರೇಜರಿಗೆ, ಬ್ಲೇಡಿಗೆ, ಸ್ಫಟಿಕಕ್ಕೆ. ಬ್ರಷ್ಷು ಪಕ್ಕದ ಕೊಕ್ಕೆಯಲ್ಲಿ.

ಗೆರಟೆ

ಬಿಲ್ಲೆಯನ್ನು ಜಾಲರಿಯ ಮೇಲೆ ನೇರ ಇಟ್ಟರೆ ಮೆತ್ತಗಿರುವಾಗ ತಂತಿಯ ಅಚ್ಚು ಬಿದ್ದು ಹಿಡಿದುಕೊಳ್ಳುತ್ತದೆ. ಬಟ್ಟಲಿನಲ್ಲಿಟ್ಟರೆ ಅಡಿಯಲ್ಲಿ ನೀರು ನಿಲ್ಲುತ್ತದೆ. ತೂತಿರುವ ಬಟ್ಟಲು ಹುಡುಕುತ್ತಿದ್ದಾಗ ಕಂಡದ್ದು ಗೆರಟೆ. ಅದರ ತೂತು ತೆಂಗಿನಕಾಯಿಯೇ ಮಾಡಿಕೊಟ್ಟಿರುತ್ತದೆ.

ಕಣ್ಣಿರುವ ಕಡೆಯ ಅರ್ಧ ತೆಗೆದುಕೊಳ್ಳಬೇಕು. ಮೂರು ಕಣ್ಣುಗಳಲ್ಲಿ ಒಂದು ಮಾತ್ರ ಮೆದು, ಮೊಳಕೆ ಹೊರಬರುವುದು ಅಲ್ಲಿಂದ. ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಟಪ್ ಅಂತ ಬಿಡುತ್ತದೆ. ಉಳಿದ ಎರಡಕ್ಕೆ ಡ್ರಿಲ್ ಬೇಕು. ಒಳಗಿನ ಕಂದು ಸಿಪ್ಪೆ, ಕಾಯಿಯ ಚೂರು ಒಂದಿಷ್ಟೂ ಉಳಿಯಬಾರದು. ಉಳಿದರೆ ಬೂಷ್ಟು ಮೊದಲು ಅಲ್ಲಿಗೇ ಬರುತ್ತದೆ. ಬಿಸಿನೀರಿನಲ್ಲಿ ಕುದಿಸಿ ಚಾಕುವಿನಿಂದ ಕೆರೆದು, 80ರ ಸ್ಯಾಂಡ್ ಪೇಪರ್, ಆಮೇಲೆ 220. ಹೊರಗಿನ ನಾರನ್ನೂ ಉಜ್ಜಿ ತೆಗೆದರೆ ಕಪ್ಪುಕಂದು ಬಣ್ಣ ಹೊಳೆಯುತ್ತದೆ. ಎಣ್ಣೆ ಹಚ್ಚಬೇಕು ಅಂತ ಆಸೆಯಾಗುತ್ತದೆ, ಹಚ್ಚಬೇಡಿ. ಆ ಎಣ್ಣೆ ಮುಂದೆ ಹಳಸುತ್ತದೆ.

ನಮ್ಮ ಬಿಲ್ಲೆ ಏಳು ಸೆಂಟಿಮೀಟರ್ ಅಡ್ಡಗಲದ್ದು. ಗೆರಟೆಯ ಇಳಿಜಾರಿನಲ್ಲಿ ಅರ್ಧಕ್ಕೆ ಬಂದು ಅಂಚಿನ ಮೇಲೆ ಕೂರುತ್ತದೆ. ಅಡಿಯಲ್ಲಿ ಖಾಲಿ ಜಾಗ. ನೀರು ಅಲ್ಲಿಗೆ ಇಳಿದು ಕಣ್ಣಿನಿಂದ ಹೊರಗೆ, ಹಂಚಿನ ಮೇಲೆ ಹನಿಯುತ್ತದೆ. ಬೆಚ್ಚಗಿನ ಗಾಳಿ ಅದೇ ತೂತಿನಿಂದ ಮೇಲೆ ಬಂದು ಅಡಿಭಾಗಕ್ಕೆ ತಾಗುತ್ತದೆ. ಯಾವಾಗಲೂ ಲೋಳೆಯಾಗುತ್ತಿದ್ದ ಜಾಗ ಅದೇ ಅಲ್ವಾ. ಗೆರಟೆ ಉರುಳದ ಹಾಗೆ ಎರಡು ಇಂಚಿನ ಪಿವಿಸಿ ಪೈಪಿನಿಂದ ಕುಯ್ದ ಒಂದು ಬಳೆ ಕೆಳಗೆ.

ಅಳತೆ

ಆಟಿಯ ಒಂದು ಬಿಡದ ಮಳೆಯ ದಿನ. ಹೊರಗೆ ಹಾಲ್‌ನಲ್ಲಿ 27.5 ಡಿಗ್ರಿ, ತೇವ 88. ಗೂಡಿನಲ್ಲಿ ಸೋಪಿನ ತಟ್ಟಿನಲ್ಲಿ 33 ಡಿಗ್ರಿ, ತೇವ 64. ಒದ್ದೆ ಸೋಪು, ಬ್ರಷ್ಷು ಒಳಗಿಟ್ಟ ಕೂಡಲೇ 75 ದಾಟುತ್ತದೆ, ಮಧ್ಯಾಹ್ನದೊಳಗೆ ಮತ್ತೆ 70ರ ಕೆಳಗೆ. ಅಡುಗೆಮನೆಯ ತಕ್ಕಡಿಯಲ್ಲಿ ಗೆರಟೆ ಸಮೇತ ತೂಗಿ ನೋಡಿದ್ದೇನೆ. ಶೇವ್ ಆದ ಮೇಲಿನ ತೂಕಕ್ಕೂ ಮರುದಿನದ ತೂಕಕ್ಕೂ ಗೂಡಿನಲ್ಲಿ ನಾಲ್ಕು ಗ್ರಾಂ ವ್ಯತ್ಯಾಸ. ಬಾತ್‌ರೂಮಿನ ಶೆಲ್ಫಿನಲ್ಲಿ ಅದೇ ಒಂದು ಗ್ರಾಂ, ಅದೂ ಕಷ್ಟದಲ್ಲಿ. ಬಿಲ್ಲೆಯ ಮೈ ಬೆಳಿಗ್ಗೆ ಉಗುರಿನಲ್ಲಿ ಕೆರೆದರೆ ಪುಡಿ ಬರುವಷ್ಟು ಗಟ್ಟಿ.

ಕರೆಂಟು ಖರ್ಚು ದಿನವಿಡೀ ಉರಿಸಿದರೆ ದಿನಕ್ಕೆ ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮೆ, ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಮಳೆ ಬಿಟ್ಟ ದಿನಗಳಲ್ಲಿ ರಾತ್ರಿ ಮಾತ್ರ ಸಾಕು.

ನಷ್ಟವೂ ಇದೆ. ಬೆಚ್ಚಗಿನ ಜಾಗದಲ್ಲಿ ಸೋಪಿನ ಪರಿಮಳ ಬೇಗ ಹೋಗುತ್ತದೆ. ನನ್ನದು ಲ್ಯಾವೆಂಡರಿನದ್ದು, ಈಗ ಗೂಡಿಗೆ ಲ್ಯಾವೆಂಡರ್ ವಾಸನೆ, ಸೋಪಿಗೆ ಸ್ವಲ್ಪ ಕಡಿಮೆ. ದುಬಾರಿ ಪರಿಮಳದ ಸೋಪನ್ನು ಮಳೆಗಾಲದಲ್ಲಿ ತೆಗೆಯದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಣಗಿದ್ದಾಗಲೇ, ಎತ್ತಿಡಿ. ಹಂಚಿನ ತೂತುಗಳೂ ಸೋಪು ಕುಡಿದು ಕುಡಿದು ಕಟ್ಟಿಕೊಳ್ಳುತ್ತವೆ. ಆಗಾಗ ತೆಗೆದು ನೀರಿನಲ್ಲಿ ಕುದಿಸಿದರೆ ಬಾಯಿ ಬಿಡುತ್ತವೆ. ಅಥವಾ ಹೊಸ ತುಂಡು ಕುಯ್ಯಿರಿ, ಒಡೆದ ಹಂಚಿಗೆ ನಮ್ಮ ಊರಲ್ಲಿ ಬರವೇ?

ಗೂಡು ಇದ್ದರೂ ಕೈಯ ಅಭ್ಯಾಸ ಬೇಕು. ಬ್ರಷ್ಷನ್ನು ಚೆನ್ನಾಗಿ ಕೊಡವಿ ಆಮೇಲೆ ಸೋಪಿಗೆ ಇಡಿ. ಬಿಲ್ಲೆಯ ಮೇಲೆ ನೀರು ಹೊಯ್ದು ನೆನೆಸಿಡುವುದು ನಮ್ಮ ಹವೆಗೆ ಬೇಕಾಗಿಯೇ ಇಲ್ಲ. ನೊರೆಯನ್ನು ಕೆನ್ನೆಯ ಮೇಲೋ ಬೇರೆ ಬಟ್ಟಲಿನಲ್ಲೋ ಎಬ್ಬಿಸಿ, ಬಿಲ್ಲೆಯ ಮೇಲೆ ಅಲ್ಲ. ಮುಗಿದ ಮೇಲೆ ಬಿಲ್ಲೆಯ ಮೇಲೆ ಉಳಿದ ನೊರೆಯನ್ನು ಬೆರಳಿನಲ್ಲಿ ಬಳಿದು ತೆಗೆದು, ಗೆರಟೆಯನ್ನು ಬೇಸಿನ್ ಅಂಚಿಗೆ ಓರೆಯಾಗಿ ಇಟ್ಟು, ಮುಖ ಒರೆಸಿಕೊಂಡ ಮೇಲೆ ಗೂಡಿಗೆ. ಬ್ರಷ್ಷನ್ನು ಟವೆಲಿನಲ್ಲಿ ಒತ್ತಿ ಕೊಡಿ, ಅದರಲ್ಲಿ ಸೋಪಿಗಿಂತ ಜಾಸ್ತಿ ನೀರು ಅಡಗಿರುತ್ತದೆ.

ದೀಪಾವಳಿ ಕಳೆದ ಮೇಲೆ ಬಲ್ಬು ಬೇಡ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಮೂಡಣ ಗಾಳಿ ಬೀಸುವಾಗ ಇಲ್ಲೂ ತುಟಿ ಒಡೆಯುತ್ತದೆ. ಆಗ ಬಲ್ಬು ಉರಿಸಿದರೆ ಬಿಲ್ಲೆ ತೀರಾ ಒಣಗಿ ಬಿರುಕು ಬಿಡುತ್ತದೆ, ಕುಗ್ಗಿ ಗೆರಟೆಯಲ್ಲಿ ಲೊಡಲೊಡ ಅನ್ನುತ್ತದೆ. ಪ್ಲಗ್ ತೆಗೆದು ಬಾಗಿಲು ಓರೆ ಮಾಡಿದರೆ ಸಾಕು. ಏಪ್ರಿಲ್, ಮೇ ಸೆಕೆಯಲ್ಲಿ ತೇವ ಮತ್ತೆ ಏರುತ್ತದೆ. ಆದರೂ ನಮ್ಮ ಮನೆಯಲ್ಲಿ ಜೂನ್ ಮಳೆ ಹಿಡಿಯುವವರೆಗೆ ಬಲ್ಬಿನ ಅಗತ್ಯ ಬೀಳುವುದಿಲ್ಲ.

ಬಡಗಿ ಕೆಲಸ, ತಂತಿ ಕೆಲಸ ಎಲ್ಲ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ನಿಮ್ಮ ಮನೆಯ ವೈಫೈ ರೂಟರ್ ಹಗಲು ರಾತ್ರಿ ಉರಿಯುತ್ತಲೇ ಇರುತ್ತದೆ, ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಅದು ಗೋಡೆಯ ಕಪಾಟಿನೊಳಗೆ ಇದ್ದರೆ ಅದರ ಪಕ್ಕದಲ್ಲಿ ಒಂದು ಹಂಚಿನ ತುಂಡು, ಮೇಲೆ ಗೆರಟೆ. ಐದು ಡಿಗ್ರಿ ಸಿಗಲಿಕ್ಕಿಲ್ಲ, ಮೂರು ಸಿಕ್ಕರೂ 90 ಇದ್ದದ್ದು 76ರ ಹತ್ತಿರ ಬರುತ್ತದೆ. ರೂಟರಿನ ಮೇಲೆ ಮಾತ್ರ ಇಡಬೇಡಿ, ಸೋಪಿನ ನೀರು ಒಳಗೆ ಹೋದರೆ ಮನೆಯವರೆಲ್ಲ ಸೇರಿ ನಿಮಗೇ ಶೇವ್ ಮಾಡುತ್ತಾರೆ.